ಕೂರಿಗೆಯ ಬರಿ ಬಟ್ಟಲು

“ಮುಟ್ಟಿ ನೋಡವ್ವಾ ಸಪ್ನಾ. ನನ್ನ ಮಗಾ ಕಳಿಸ್ಯಾನ.”

ಶುಭಮ್‌ನ ಅವ್ವ ಸಾವಂತ್ರೆವ್ವ ಮಾವಶಿ ಆ ಕಟ್ಟಿಗೆಯ ಬಟ್ಟಲನ್ನು ನನ್ನ ಮಡಿಲಿಗೆ ಇಟ್ಟಳು. ಮುಟ್ಟಿದೆ. ಬೆರಳಿಗೆ ಏನೂ ತಿಳಿಯಲಿಲ್ಲ.

ಲ್ಯಾಬಿನಲ್ಲಿ ಕಟ್ಟಿಗೆ ಉಜ್ಜುವ ಮಷೀನನ್ನು ಬಹಳ ಹೊತ್ತು ಹಿಡಿದರೆ ಕೈಗೆ ಜೋಮು ಹಿಡಿಯುತ್ತದೆ. ಆಮೇಲೆ ಚಹಾದ ಕಪ್ಪು ಹಿಡಿದರೂ ಬಿಸಿಯೋ ತಣ್ಣಗೋ ಗೊತ್ತಾಗುವುದಿಲ್ಲ. ಶುಭಮ್ ಕಾಣೆಯಾದಾಗಿನಿಂದ ನನಗೆ ಮೈಯೆಲ್ಲ ಹಾಗೇ ಆಗಿದೆ. ಊಟ ಮಾಡುತ್ತೇನೆ, ಬಸ್ಸು ಹತ್ತುತ್ತೇನೆ, ಕೇಳಿದ್ದಕ್ಕೆ ಉತ್ತರ ಕೊಡುತ್ತೇನೆ. ಅಳು ಮಾತ್ರ ಬಂದಿಲ್ಲ. ನಮ್ಮ ಮನೆಯಲ್ಲಿ ನನ್ನನ್ನು ರೇಡಿಯೋ ಎಂದು ಕರೆಯುತ್ತಿದ್ದರು. ಈಗ ಯಾರೋ ಬಂದು ಗುಂಡಿ ತಿರುಗಿಸಿ ಹೋದಂತಾಗಿದೆ.

ಗೋಕಾಕದ ನಮ್ಮ ಕಾಲೇಜಿನ ಲ್ಯಾಬಿನಲ್ಲಿ, ಕಂಪ್ಯೂಟರ್ ಹೇಳಿದಂತೆ ಕಟ್ಟಿಗೆ ಕೊರೆಯುವ ಮಷೀನಿಗೆ ನಾನೂ ಶುಭಮ್‌ನೂ ಜೋಡೆತ್ತು. ಅವನು ಕಾಣೆಯಾದ ದಿನವೇ ಆ ಮಷೀನಿನ ಮೋಟರೂ ಕಾಣೆಯಾಯಿತು. ಕದ್ದುಕೊಂಡು ಓಡಿದ್ದಾನೆ ಎಂದು ಲ್ಯಾಬ್ ನೋಡಿಕೊಳ್ಳುವ ಮಲ್ಲೇಶ ಸರ್ ಪೊಲೀಸರಿಗೆ ದೂರು ಕೊಟ್ಟರು.

“ಒಬ್ಬಾಕಿನ ಬಾ ಅಂದಿದ್ನೆಲ್ಲವ್ವಾ ಫೋನಿನಾಗ?” ಮಾವಶಿ ತಗ್ಗಿದ ದನಿಯಲ್ಲಿ ಕೇಳಿದಳು.

“ಮೇಡಮ್ಮಾರು ಜೀಪಿನಾಗ ಕರಕೊಂಡ ಬರ್ತೇನಂದ್ರು ಮಾವಶಿ. ಹತ್ತರಗ್ಯಾಗ ಇಳದು ಮತ್ತೊಂದ ಗಾಡಿಗೆ ಕಾಯೋ ತ್ರಾಸ ತಪ್ಪೀತು ಅಂತ…”

ಮಾವಶಿ ಗೋಡೆಯ ಕಡೆ ಕಣ್ಣು ಹೊರಳಿಸಿದಳು. ಗೋಡೆಯ ಮೇಲಿನ ಬುದ್ಧನ ಫೋಟೊ ಕೆಳಗೆ, ಮನೆಯಲ್ಲಿದ್ದ ಒಂದೇ ಕುರ್ಚಿಯಲ್ಲಿ ಗೋಕಾಕದ ಪಿಎಸ್‌ಐ ಅನ್ನಪೂರ್ಣಾ ಮೇಡಂ ಕುಳಿತಿದ್ದರು. ಬಡೇಸೋಪು ಜಗಿಯುತ್ತ ಬಟ್ಟಲನ್ನೇ ನೋಡುತ್ತಿದ್ದರು.

“ಯಾರು ತಂದ ಕೊಟ್ರಬೇ ಇದನ್ನ?”

“ಗಾಡಿ ಮ್ಯಾಲ ಒಬ್ಬಾಂವ ಬಂದಿದ್ದರಿ. ತಲಿಗೆ ಹೆಲ್ಮೆಟ್ ಇತ್ರಿ. ಶುಭಮ್ ಕಳಿಸ್ಯಾನ ಅಂದ, ಕಟ್ಟಿ ಮ್ಯಾಲ ಇಟ್ಟ ಹೋದ.”

“ಹಳ್ಳ್ಯಾಗ ಹೆಲ್ಮೆಟ್ ಹಾಕ್ಕೊಂಡ ಬಂದಿದ್ನಾ? ಹಂಗಾರ ಅಂವ ನಮ್ಮ ಕಡ್ಯಾಂವ ಅಲ್ಲ ಬಿಡು.”

ಯಾರೂ ನಗಲಿಲ್ಲ. ಮೇಡಂ ಕೂಡ ನಗಿಸಲೆಂದು ಹೇಳಿದಂತಿರಲಿಲ್ಲ.

“ಅದರಾಗ ಏನರ ಇತ್ತಾ ಮಾವಶಿ?” ನಾನು ಕೇಳಿದೆ.

“ಬರೇ ಇತ್ತವ್ವಾ.” ಅವಳು ನನ್ನ ಕಣ್ಣನ್ನೇ ನೋಡಿದಳು. “ಬರೇ ಬಟ್ಟಲಾ. ಏನೂ ಇರಲಿಲ್ಲ.”

ಅದು ಕೂರಿಗೆಯ ಬಟ್ಟಲು. ಬಿತ್ತುವಾಗ ಎತ್ತು ಕೂರಿಗೆ ಎಳೆಯುತ್ತಿದ್ದರೆ ಹೆಂಗಸು ಹಿಂದೆ ನಡೆಯುತ್ತ, ಮುಷ್ಟಿಯಿಂದ ಬೀಜವನ್ನು ಈ ಬಟ್ಟಲಿಗೆ ಬಿಡಬೇಕು. ತಳದ ತೂತುಗಳಿಂದ ಬೀಜ ಬಿದಿರಿನ ನಳಿಗೆಗೆ ಇಳಿದು ಸಾಲಿಗೆ ಬೀಳುತ್ತದೆ. ಸಾವಂತ್ರೆವ್ವನ ಮುಷ್ಟಿ ಅವರ ಊರು ಕಣಗಲಾದಲ್ಲಿ ಹೆಸರಾದದ್ದು. ಅವಳು ಬಿತ್ತಿದ ಹೊಲದಲ್ಲಿ ಪೈರು ಎಲ್ಲೂ ದಟ್ಟವಿಲ್ಲ, ಎಲ್ಲೂ ತೆಳುವಿಲ್ಲ. ಅವಳ ಹಳೆಯ ಬಟ್ಟಲು ಸೀಳಿತ್ತು. ಹೊಸದನ್ನು ಮಷೀನಿನಲ್ಲಿ ಕೊರೆಯುವುದೇ ಶುಭಮ್‌ನ ಕೊನೆಯ ವರ್ಷದ ಪ್ರಾಜೆಕ್ಟು. ಟ್ರ್ಯಾಕ್ಟರ್ ಬಂದ ಮೇಲೆ ಕೂರಿಗೆ ಯಾರಿಗೆ ಬೇಕೋ ಎಂದು ಕ್ಲಾಸೆಲ್ಲ ನಕ್ಕಿತ್ತು. “ನಮ್ಮವ್ವನ ಕೈ ಟ್ರ್ಯಾಕ್ಟರಿಗೆ ಬರತೈತೇನಲೇ?” ಎಂದಿದ್ದ ಅವನು.

ಸಾಕ್ಷಿ ಎಂದು ಮೇಡಂ ಬಟ್ಟಲನ್ನು ತೆಗೆದುಕೊಳ್ಳಬೇಕೆಂದರು. ನಾನು ಅದನ್ನು ಎತ್ತಿಕೊಂಡು ಹೊಸಿಲು ದಾಟುವಾಗ ಬಾಜೂ ಮನೆಯ ಶಂಕ್ರವ್ವ ಓಡಿ ಬಂದಳು. ಕೈಯಲ್ಲಿ ಚಿಂದಿಗೆ ಕಟ್ಟಿದ ಹಿಡಿ ಜೋಳ.

“ಬರೇ ಬಟ್ಟಲಾ ಹೊರಗ ಕಳಸ್ತಾರೇನಬೇ, ಹುಚ್ಚಿ? ತಡಿ, ಇದನ್ನಷ್ಟ ಹಾಕತೇನಿ.”

ಸಾವಂತ್ರೆವ್ವ ಅವಳ ರಟ್ಟೆ ಹಿಡಿದಳು. “ಬ್ಯಾಡ.”

“ಯಾಕಬೇ?”

“ಬ್ಯಾಡ ಅಂದ್ನೆಲ್ಲ! ಬರೇ ಹೋಗಲಿ.”

ಶಂಕ್ರವ್ವನ ಬಾಯಿ ತೆರೆದೇ ಉಳಿಯಿತು. ದುಃಖ ಮನುಷ್ಯರಿಗೆ ಏನೇನನ್ನು ಮರೆಸುತ್ತದೆ ಎಂದುಕೊಂಡು ನಾನು ಜೀಪು ಹತ್ತಿದೆ.

*

“ಒಂದ ಚಿಂತಿ ಹೋತು,” ಮೇಡಂ ಮುಂದಿನ ಸೀಟಿನಿಂದ ತಿರುಗಿ ಹೇಳಿದರು. “ಹುಡುಗ ಜೀವಂತ ಅದಾನ. ಮೋಟರೂ ಅವನ ಹತ್ರನ ಐತಿ. ಇಲ್ಲಾಂದ್ರ ಬಟ್ಟಲಾ ಹ್ಯಾಂಗ ಕೊರೀತಿದ್ದ? ಎಲ್ಯರ ಶೆಡ್ಡಿನಾಗ ಮಷೀನ ಹೂಡ್ಯಾನ. ಕಳ್ಳ ಆದ್ರೂ ಮಗಾ ಬದುಕ್ಯಾನ ಅಂತ ಆ ಮುದುಕಿ ಇವತ್ತ ಹೊಟ್ಟಿತುಂಬ ಉಣ್ಣಲಿ.”

ಹೆದ್ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು. ನಾನು ಬಟ್ಟಲನ್ನು ತಿರುವಿ ತಿರುವಿ ನೋಡಿದೆ.

“ಇದನ್ನ ಶುಭಮ್ ಕಳಸಿಲ್ರಿ ಮೇಡಂ.”

“ಅವರವ್ವನ ಹೇಳಾಕತ್ತಾಳಲ್ಲ?”

“ಬರೇ ಬಂದೈತ್ರಿ. ಅಂವ ಬರೇ ಪಾತ್ರಿ ಯಾರಿಗೂ ಕೊಡಾಂವಲ್ಲ.”

ನನ್ನ ಊಟದ ಡಬ್ಬಿಯ ಕಥೆ ಹೇಳಿದೆ. ದಿನಾ ನನ್ನ ಡಬ್ಬಿ ಕಸಿದುಕೊಂಡು ತಿನ್ನುವವನು ಅವನೇ. ತೊಳೆದು ತಿರುಗಿ ಕೊಡುವಾಗ ಮಾತ್ರ ಒಳಗೆ ಏನಾದರೂ ಇರಲೇಬೇಕು. ನಾಲ್ಕು ಶೇಂಗಾ, ಬೆಲ್ಲದ ಚೂರು. ಒಂದು ದಿನ ಏನೂ ಸಿಗದೆ, ತ್ರೀಡಿ ಪ್ರಿಂಟರಿನಲ್ಲಿ ಪ್ಲಾಸ್ಟಿಕ್ಕಿನ ಹುಣಸೆಕಾಯಿ ಮಾಡಿ ಹಾಕಿದ್ದ. ನಾನು ಕಚ್ಚಿಯೂ ನೋಡಿದ್ದೆ. ಬರಿ ಪಾತ್ರೆ ಕೊಟ್ಟರೆ ಅವರವ್ವ ಚಿಕ್ಕಂದಿನಲ್ಲಿ ಕೈಗೆ ಹೊಡೆಯುತ್ತಿದ್ದಳಂತೆ.

“ತೂತಿನ ಬಟ್ಟಲದಾಗ ಜ್ವಾಳಾ ನಿಲ್ತಾವೇನ್ ತಂಗಿ?” ಜೀಪು ನಡೆಸುತ್ತಿದ್ದ ಪರಶುರಾಮ ಕನ್ನಡಿಯಲ್ಲಿ ನೋಡಿ ಕೇಳಿದ.

“ಚಿಂದಿಗೆ ಕಟ್ಟಿ ಹಾಕ್ತಾರಣ್ಣಾ. ಶಂಕ್ರವ್ವ ಹಾಕಾಕ ಬಂದಿದ್ಲಲ್ಲ, ಹಂಗ.”

ಮೇಡಂ ಬಡೇಸೋಪು ಜಗಿಯುವುದನ್ನು ನಿಲ್ಲಿಸಿದರು. “ಅಷ್ಟಕ್ಕ ನಾ ಏನೂ ಬರಿಯಾಕ ಆಗಂಗಿಲ್ಲ. ಮತ್ತೇನೈತಿ?”

“ತೂತ ನೋಡ್ರಿ.”

ಬಟ್ಟಲನ್ನು ಬೆಳಕಿಗೆ ಹಿಡಿದು ಕೊಟ್ಟೆ. ತೂತುಗಳು ದುಂಡಗಿರಲಿಲ್ಲ. ಕಟ್ಟಿಗೆಯ ನಾರಿನ ಗುಂಟ ಉದ್ದವಾಗಿ, ಮಲಗಿಸಿದ ತತ್ತಿಯಂತೆ ಇದ್ದವು.

ನಮ್ಮ ಲ್ಯಾಬಿನ ಮಷೀನು ಕುಂಟ. ಅದರ ತಲೆಯನ್ನು ಆ ಕಡೆಯಿಂದ ಈ ಕಡೆಗೆ ಒಯ್ಯುವ ಉದ್ದನೆಯ ಸ್ಕ್ರೂ ಸಡಿಲು. ದುಂಡಗೆ ಕೊರೆ ಎಂದರೆ ನಿಲ್ಲಿಸಿದ ತತ್ತಿಯಂತೆ ಕೊರೆಯುತ್ತದೆ. ಹೊಸ ಮಷೀನು ಹೀಗ್ಯಾಕೆ ಎಂದು ಕೇಳಿದರೆ, “ಹುಟ್ಟಾ ಕುಂಟ ಬಂದೈತಿ, ಏನ ಮಾಡೂದು?” ಎನ್ನುತ್ತಿದ್ದರು ಮಲ್ಲೇಶ ಸರ್. ಅದಕ್ಕೆ ನಾನೂ ಶುಭಮ್‌ನೂ ಒಂದು ಉಪಾಯ ಹೂಡಿದ್ದೆವು. ಕಂಪ್ಯೂಟರಿನಲ್ಲಿ ಬರೆಯುವಾಗಲೇ ತತ್ತಿಯನ್ನು ಮಲಗಿಸಿ ಬರೆಯುವುದು. ಕುಂಟ ಅದನ್ನು ಅದುಮಿದಾಗ ದುಂಡಗಾಗುತ್ತಿತ್ತು.

“ಈ ಬಟ್ಟಲಾ ಶುಭಮ್ ಬರದ ಚಿತ್ರದಿಂದನ ಕೊರದದ್ರಿ. ಆದ್ರ ಕೊರದದ್ದು ನಮ್ಮ ಮಷೀನಲ್ಲ. ಕಾಲ ನೆಟ್ಟಗಿದ್ದ ಮಷೀನು. ಅದಕ್ಕ ಮಲಗಿಸಿದ ತತ್ತಿ ಹಂಗ ಮಲಗೇತಿ.”

“ಮೋಟರ ಬ್ಯಾರೆ ಮಷೀನಿಗೆ ಹಾಕಿರಬೇಕು.”

“ಹಾಕಿದ್ರೂ, ಅಂವ ಎದುರಿಗಿದ್ರ ತೂತ ತಿದ್ದೇ ತಿದ್ದತಿದ್ದ್ರಿ. ಅವರವ್ವನ ಬಟ್ಟಲಾ ಇದು. ಬೀಜ ಒಂದ ಸಮ ಬೀಳೂದಿಲ್ಲ. ಆ ಚಿತ್ರ ಅವನ ಪೆನ್‌ಡ್ರೈವಿನಾಗಷ್ಟ ಇತ್ರಿ, ಯಾರೋ ಅದನ್ನ ತಗೊಂಡಾರ. ಅದನ್ನ ಅಂವ ಕೊಳ್ಳಾಗ ಕಟಗೊಂಡಿರತಿದ್ದ. ಜಳಕಕ್ಕೂ ತಗೀತಿರಲಿಲ್ಲ.”

ಮೇಡಂ ಬಟ್ಟಲನ್ನು ತಿರುಗಿ ನನ್ನ ಮಡಿಲಿಗೆ ಇಟ್ಟರು.

“ಹಂಗಾರ ಹುಡುಗ?” ಮೇಡಂ ಕೇಳಿದರು.

“ಇಲ್ಲ ಅನ್ನಸ್ತೈತ್ರಿ.”

ಬಸ್ಸು ಹೋಯಿತಾ ಎಂದು ಕೇಳಿದವರಿಗೆ ಹೇಳುವ ಹಾಗೆ ಹೇಳಿದೆ. ಕಳ್ಳನಲ್ಲ ಎಂದು ತೋರಿಸಲು ಹೊರಟು, ಸತ್ತಿದ್ದಾನೆ ಎಂದು ತೋರಿಸಿದ್ದೆ. ಮಾವಶಿಗೆ ಇದನ್ನು ಯಾರು ಹೇಳಬೇಕು? ನಾನೇ. ಆ ಯೋಚನೆಯೂ ಎಲ್ಲೋ ದೂರದ ಹೊಲದಲ್ಲಿ ಯಾರೋ ಯಾರನ್ನೋ ಕೂಗಿದಂತೆ ಕೇಳಿಸಿತು.

ಬಟ್ಟಲಿನ ತಳದಲ್ಲಿ ಇನ್ನೊಂದು ಗುರುತಿತ್ತು. ಸಾಗವಾನಿ ತುಂಡಿನ ಅಂಚಿನಲ್ಲಿ ಅರ್ಧ ಎಲೆ. ಬಾಗಿಲಿಗೆ ಬಳ್ಳಿ ಕೆತ್ತಿ ಉಳಿದ ತುಂಡು ಅದು. ಆ ಎಲೆಯ ನಡುವಿನ ಗೀರು ತುದಿಯಲ್ಲಿ ಸುರುಳಿಯಾಗುತ್ತದೆ. ಅಂಥ ಬಳ್ಳಿ ಕೆತ್ತುವವರು ನಮ್ಮ ಕಡೆ ಒಬ್ಬರೇ.

“ಮೂಡಲಗಿಗೆ ಹೋಗಬೇಕ್ರಿ,” ಎಂದೆ. “ಮಾಲಿಂಗಪ್ಪ ಕಾಕಾನ ಬಾಗಲದ ಶೆಡ್ಡಿಗೆ.”

ಮೇಡಂ ಪರಶುರಾಮನ ಭುಜ ತಟ್ಟಿದರು. ಆಮೇಲೆ ಫೋನು ಕಿವಿಗಿಟ್ಟರು.

“ಮಲ್ಲೇಶ ಸರ್, ನಿಮ್ಮ ಮೋಟರ ಸಿಗೂ ಹಂಗ ಐತ್ರಿ. ಗುರತ ಹಿಡ್ಯಾಕ ನೀವ ಬೇಕು. ಸೀದಾ ಮೂಡಲಗಿಗೆ ಬಂದಬಿಡ್ರಿ.”

ದೂರು ಕೊಟ್ಟವರು ಬಂದು ಗುರುತು ಹಿಡಿಯುವುದು ಸರಿಯೇ ಇತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

*

ಮಾಲಿಂಗಪ್ಪ ಕಾಕಾನ ತಗಡಿನ ಶೆಡ್ಡಿಗೆ ಕಾಲಿಟ್ಟರೆ ಮೂಗಿಗೆ ಸಾಗವಾನಿಯ ವಾಸನೆ ಬಡಿಯುತ್ತದೆ. ಅಂದು ನನಗೆ ಅದೂ ಬರಲಿಲ್ಲ. ಹಿಂದಿನ ಗೋಡೆಯುದ್ದಕ್ಕೂ ಕೆತ್ತಿ ಮುಗಿಸಿದ ಬಾಗಿಲುಗಳನ್ನು ಒರಗಿಸಿದ್ದರು. ನಡುವೆ ಮಷೀನು. ಕಾಕಾ ನಮ್ಮ ಲ್ಯಾಬಿನ ಹುಡುಗರಿಗೆ ಉಳಿದ ತುಂಡುಗಳನ್ನು ಚೀಲಗಟ್ಟಲೆ ಕೊಡುವವರು. ನನ್ನನ್ನು ಕಂಡು ಮುಖ ಅರಳಿತು. ಹಿಂದೆ ಖಾಕಿ ಕಂಡು ಮಡಚಿಕೊಂಡಿತು.

“ಬರ್ರಿ ಬರ್ರಿ ಮೇಡಮ್ಮಾರ. ಚಾ ತರಸ್ಲೇನ್ರಿ?”

“ಚಾ ಆಮ್ಯಾಲ. ಈ ಬಟ್ಟಲಾ ನಿಮ್ಮಲ್ಲಿ ಕೊರದದ್ದೇನ್ರಿ?”

ಕಾಕಾ ಬಟ್ಟಲನ್ನು ಕೈಗೆ ತೆಗೆದುಕೊಳ್ಳಲೇ ಇಲ್ಲ. “ನಮ್ಮದಲ್ರಿ. ನಾ ಬಾಗಲಾ ಮಾಡಾಂವ. ಕೂರಿಗಿ ಗೀರಿಗಿ ನಮಗೇನ ಗೊತ್ರಿ?”

“ಕಾಕಾ,” ನಾನೆಂದೆ, “ಒಂದ ಹಲಿಗಿ ಮ್ಯಾಲ ಒಂದ ದುಂಡನ ತೂತ ಕೊರದ ತೋರಸ್ರಿ.”

“ಕರೆಂಟ್ ಇಲ್ಲ ತಂಗಿ. ಮುಂಜಾನಿಂದ ಹೋಗೇತಿ.”

ಮೇಡಂ ತಲೆಯೆತ್ತಿದರು. “ಆ ಫ್ಯಾನ್ ಏನ ನಿಮ್ಮ ಮಾರಿ ನೋಡಿ ತಿರಗಾಕತ್ತೈತೇನ್ರಿ?”

ಕಾಕಾ ಫ್ಯಾನು ನೋಡಿದರು, ಮೇಡಮ್ಮನ್ನು ನೋಡಿದರು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು ಮಷೀನು ಚಾಲೂ ಮಾಡಿದರು. ಹಲಿಗೆಯಿಂದ ಹೊಟ್ಟು ಹಾರಿತು. ತೂತು ಬಿತ್ತು. ಹುಣ್ಣಿಮೆ ಚಂದ್ರನಷ್ಟು ದುಂಡಗಿತ್ತು.

ನಾನು ಬಟ್ಟಲಿನ ತಳವನ್ನು ಒರಗಿಸಿದ್ದ ಬಾಗಿಲೊಂದರ ಬಳ್ಳಿಗೆ ಹಿಡಿದೆ. ಬಟ್ಟಲಿನ ಅರ್ಧ ಎಲೆ, ಬಾಗಿಲಿನ ಇಡೀ ಎಲೆ. ಗೀರಿನ ಸುರುಳಿ ಅದೇ.

“ತುಂಡ ನಾವ ಎಲ್ಲಾರಿಗೂ ಕೊಡತೇವಲ್ರಿ,” ಕಾಕಾ ತೊದಲಿದರು.

“ತುಂಡ ಕೊಡ್ತೀರಿ. ಮಷೀನೂ ಕೊಡ್ತೀರೇನು?” ಮೇಡಂ ಒಂದು ಹೆಜ್ಜೆ ಮುಂದೆ ಹೋದರು. “ಪೆನ್‌ಡ್ರೈವ್ ಎಲ್ಲೈತಿ ಮಾಲಿಂಗಪ್ಪ? ಅದನ್ನ ಹುಡುಗನ ಕೊಳ್ಳಿಂದ ತಗದಾವರ್ಯಾರು? ಆ ಹುಡುಗನ್ನ ಏನ ಮಾಡಿದ್ರಿ?”

ಕಾಕಾ ಸುಮ್ಮನೆ ನಿಂತರು. ಅಪರಾಧಿಯ ಮೌನವೆಂದರೆ ಇದೇ ಎಂದುಕೊಂಡೆ. ನಮಗೆ ತುಂಡು ಕೊಡುತ್ತಿದ್ದ ಕೈ, “ಊಟ ಆತೇನ ತಂಗಿ” ಎನ್ನುತ್ತಿದ್ದ ಬಾಯಿ. ಸಿಟ್ಟು ಬರಬೇಕಿತ್ತು. ಅದೂ ಬರಲಿಲ್ಲ.

ಮೇಡಮ್ಮನ ಫೋನು ಬಡಿದುಕೊಂಡಿತು. ತಗಡಿನ ಕೆಳಗೆ ದನಿ ಕಡಿಕಡಿದು ಬರುತ್ತಿತ್ತು. “ಹಲೋ… ಹಾಂ ಸರ್… ಎಲ್ಲಿ ಅದೀರಿ?” ಎನ್ನುತ್ತ ಅವರು ಹೊರಗೆ ಹೋದರು. ಪರಶುರಾಮ ಶೆಡ್ಡಿನ ಬಾಯಿಗೆ ಅಡ್ಡ ನಿಂತ, ಬೆನ್ನು ನಮ್ಮ ಕಡೆಗೆ.

ಕಾಕಾ ನನ್ನ ತೋಳು ಹಿಡಿದು ಮಷೀನಿನ ಮರೆಗೆ ಎಳೆದರು. ಆ ಮುಖದಲ್ಲಿ ಅಪರಾಧವಿರಲಿಲ್ಲ. ಸಂಕಟವಿತ್ತು.

“ಪೊಲೀಸರನ್ನ ಯಾಕ ಕರಕೊಂಡ ಬಂದಿ ಯವ್ವಾ? ಬಟ್ಟಲಾ ಬರೇ ಕೊಟ್ರೂ ತಿಳೀಲಿಲ್ಲಾ ನಿನಗ?”

“ಏನ ತಿಳೀಬೇಕಿತ್ರಿ?”

“ಸಪ್ನಾ ಒಬ್ಬಾಕಿನ ಬಂದ್ರ ಜ್ವಾಳಾ ಹಾಕಿ ಕೊಡು, ಎಲ್ಲಾ ಹೇಳು. ಮಂದಿ ಜೋಡಿ ಬಂದ್ರ ಬರೇ ಕೊಡು, ಅಕಿ ತಿಳಕೊಂಡ ತಡೀತಾಳ. ಹಂಗ ಹೇಳಿ ಕಳಿಸಿದ್ದ ಅವರವ್ವಗ. ತೂತ ತಿದ್ದೂಣೇನೋ ಅಂದ್ರ, ಹಂಗ ಇರಲಿ ಕಾಕಾ, ತೂತು, ತಳದ ಎಲಿ ಕೂಡಿದ್ರ ಅಕಿಗೆ ಅದ ನಿಮ್ಮ ಶೆಡ್ಡಿನ ವಿಳಾಸ ಅಂದ.”

“ಯಾರು?” ನನ್ನ ದನಿ ನನಗೇ ಹೊರಗಿನವರದೆನಿಸಿತು. “ಯಾರು ಅಂದದ್ದು?”

ಕಾಕಾ ಮಷೀನಿನ ಉದ್ದನೆಯ ಸ್ಕ್ರೂ ಮೇಲೆ ಕೈಯಿಟ್ಟರು.

“ಇದನ್ನ ಹುಕ್ಕೇರ್ಯಾಗ ರಾವಸಾಹೇಬನ ಹಳೇ ಸಾಮಾನದ ಅಂಗಡ್ಯಾಗ ತಗೊಂಡಿದ್ನಿ. ನೋಡಿದ ಕೂಡ್ಲೆ ಹುಡುಗ ಗುರತ ಹಿಡದ. ನಿಮ್ಮ ಲ್ಯಾಬಿಂದವ್ವಾ ಇದು. ನಿಮ್ಮ ಹೊಸಾ ಮಷೀನಿಂದ ಬಿಚ್ಚಿ ಮಾರಿ, ನಿಮಗ ಸವದದ್ದು ತುರಕ್ಯಾರ. ನಿಮ್ಮ ಮಷೀನ ಹುಟ್ಟಾ ಕುಂಟ ಅಲ್ಲವ್ವಾ. ಅದರ ಕಾಲ ಕಡದಾರ.”

“ಯಾರು?”

“ಲ್ಯಾಬಿನ ಕೀಲಿ ನಿನ್ನ ಹತ್ರ, ಅವನ ಹತ್ರ. ಮತ್ತ್ಯಾರ ಹತ್ರ ಐತಿ?”

ಮತ್ತೊಬ್ಬರ ಹತ್ತಿರ ಮಾತ್ರ. ಮಲ್ಲೇಶ ಸರ್.

“ಅಂವ ಹೋಗಿ ಸೀದಾ ಕೇಳೇಬಿಟ್ಟಾನ. ಅವತ್ತ ಊರಿಗೆ ಹೊಂಟಾಗ ಹತ್ತರಗಿ ಹತ್ರ ಹಿಂದಿಂದ ಕಾರ ಹಾಯಿಸ್ಯಾರ. ಕಾಲಿಗೆ ಬಡದೈತಿ, ಜೀವ ಉಳದೈತಿ. ಮೋಟರ ತಾವ ಮುಚ್ಚಿಟ್ಟು ಅವನ ಮ್ಯಾಲ ಕಳ್ಳನ ಹೆಸರ ಹಾಕ್ಯಾರ. ಪೊಲೀಸರಿಗೆ ಹೇಳೂಣೋ ಅಂದ್ರ, ಪೊಲೀಸರಿಗೆ ಹೇಳಿದ್ದು ಮೊದಲ ದೂರು ಕೊಟ್ಟಾಂವಗ ಮುಟ್ಟತೈತಿ ಕಾಕಾ ಅಂದ.”

ಜೀಪಿನಲ್ಲಿ ಮೇಡಂ ಮಾಡಿದ ಫೋನು ನೆನಪಾಯಿತು. ನಾನು ಪಕ್ಕದಲ್ಲೇ ಕುಳಿತಿದ್ದೆ. ಕಿಟಕಿಯ ಹೊರಗೆ ನೋಡುತ್ತಿದ್ದೆ.

“ಕಾಕಾ, ಅಂವ ಎಲ್ಲದಾನ?”

ಕಾಕಾನ ಕಣ್ಣು ತಾನಾಗಿಯೇ ಹಿಂದಿನ ಗೋಡೆಗೆ ಹೋಗಿ ಬಂತು. ಒರಗಿಸಿದ ಬಾಗಿಲುಗಳ ಸಾಲು. ಎಲ್ಲಕ್ಕೂ ಹೊಸ ಕೆತ್ತನೆ, ಯಾವುದಕ್ಕೂ ಕೊಂಡಿಯಿಲ್ಲ. ಮೂಲೆಯ ಒಂದಕ್ಕೆ ಮಾತ್ರ ಕೊಂಡಿ ಇತ್ತು, ಗೋಡೆಗೆ ಸೇರಿದ ಬಿಜಾಗರಿ ಇತ್ತು. ಅದನ್ನು ಒರಗಿಸಿರಲಿಲ್ಲ. ಅದು ನಿಜವಾದ ಬಾಗಿಲು.

ಅದರ ಪಕ್ಕದ ಗೋಡೆಯ ಮಾಡದಲ್ಲಿ ಒಂದು ಸ್ಟೀಲಿನ ಡಬ್ಬಿ.

ಮುಚ್ಚಳಕ್ಕೆ ಕೆಂಪು ಅಕ್ರಿಲಿಕ್ಕಿನಲ್ಲಿ ‘ಸಪ್ನಾ’ ಎಂದು ಅಂಟಿಸಿತ್ತು. ಲೇಸರ್ ಮಷೀನಿನಲ್ಲಿ ಶುಭಮ್ ಕೊರೆದ ಮೊದಲ ಅಕ್ಷರಗಳು. ಆ ಡಬ್ಬಿಯನ್ನು ನೋಡದವರು ನಮ್ಮ ಲ್ಯಾಬಿನಲ್ಲಿ ಯಾರೂ ಇಲ್ಲ. ಅವನು ಕಾಣೆಯಾದ ದಿನ ನನ್ನ ಊಟದ ಜೊತೆಗೆ ಅದೂ ಹೋಗಿತ್ತು.

ಎತ್ತಿಕೊಂಡೆ. ಭಾರವಾಗಿತ್ತು.

ಮುಚ್ಚಳ ತೆಗೆದೆ. ಹುರಿದ ಶೇಂಗಾ, ಮೇಲೊಂದು ಬೆಲ್ಲದ ಚೂರು. ಶೇಂಗಾ ಇನ್ನೂ ಬೆಚ್ಚಗಿತ್ತು.

ಆ ಬಿಸಿ ಬೆರಳಿಗೆ ತಿಳಿಯಿತು. ಬೆರಳಿನಿಂದ ಅಂಗೈಗೆ, ಅಂಗೈಯಿಂದ ಮೇಲಕ್ಕೆ. ಜೋಮು ಬಿಡುವಾಗ ಸೂಜಿ ಚುಚ್ಚಿದಂತಾಗುತ್ತದಲ್ಲ, ಹಾಗೆ ಮೈತುಂಬ ಚುಚ್ಚಿತು. ಬಾಯಿ ತೆರೆದರೆ ಕೂಗಿಬಿಡುತ್ತೇನೆಂದು ತುಟಿ ಕಚ್ಚಿಕೊಂಡೆ.

ಹೊರಗೆ ಕಾರು ನಿಂತ ಸದ್ದು. ಡಬ್ಬಿಯ ಮುಚ್ಚಳ ಒತ್ತಿ ಹಾಕಿದೆ. ಬಾಗಿಲು ತೆರೆದು ಮುಚ್ಚಿತು.

“ಜಲ್ದಿ ಬಂದ್ರೆಲ್ಲಾ ಸರ್!” ಮೇಡಮ್ಮನ ದನಿ.

“ಇಲ್ಲೇ ಕಲ್ಲೋಳಿಯೊಳಗ ಇದ್ನಿ ಬಿಡ್ರಿ.” ಪರಶುರಾಮ ಪಕ್ಕಕ್ಕೆ ಸರಿದ. ಮಲ್ಲೇಶ ಸರ್ ಒಳಗೆ ಬಂದರು. ಇಸ್ತ್ರಿ ಹಾಕಿದ ಅಂಗಿ, ಕೈಯಲ್ಲಿ ಕೀಲಿ ಗೊಂಚಲು. ಮಷೀನಿನ ಸುತ್ತ ಒಂದು ಸುತ್ತು ನಡೆದರು. ಸ್ಕ್ರೂ ಹತ್ತಿರ ಬಂದಾಗ ಹೆಜ್ಜೆ ಒಂದಿಷ್ಟು ತಡೆಯಿತು. ಮೋಟರಿನ ಹೆಸರನ್ನೇ ಎತ್ತಲಿಲ್ಲ.

ಆಮೇಲೆ ನನ್ನ ಕೈ ನೋಡಿದರು.

“ಸಪ್ನಾ, ಅದು ನಿನ್ನ ಡಬ್ಬಿ ಅಲ್ಲೇನು?” ಅವರು ನಕ್ಕರು. “ಅದನ್ನ ಶುಭಮ್ ಒಯ್ದಾನ ಅಂತ ಅವತ್ತ ನೀನ ಹೇಳಿದ್ದೆಲ್ಲ? ಇಲ್ಲಿ ಹ್ಯಾಂಗ ಬಂತು?”

ಮೇಡಂ ಬಡೇಸೋಪು ಜಗಿಯುವುದನ್ನು ಮತ್ತೆ ನಿಲ್ಲಿಸಿದರು. ಕಾಕಾ ಮೂಲೆಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಆ ಬಾಗಿಲಿನ ಹಿಂದೆ ಏನೋ ಒಂದು, ಕುಂಟುವ ಕಾಲನ್ನು ಮೆಲ್ಲಗೆ ಎಳೆದಂಥ ಸದ್ದು ಮಾಡಿತು. ಅಥವಾ ನನಗೆ ಹಾಗೆ ಕೇಳಿಸಿತು.

“ಕೊಡು ಇಲ್ಲೆ.” ಮಲ್ಲೇಶ ಸರ್ ಕೈ ಚಾಚಿದರು. “ನೋಡೂಣು. ಬರೇ ಡಬ್ಬಿ ಹೌದಲ್ಲ?”

ಬರೇ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆ. ಡಬ್ಬಿ ತುಂಬಿತ್ತು.